ಬಸುರಿ ಹೊಳೆ ದಾಟಬಹುದೇ?

ಪ್ರಶ್ನೆ: ನನಗೆ 27 ವರ್ಷ. ಕಲಬುರಗಿಯಲ್ಲಿ ಬ್ಯಾಂಕ್ ಉದ್ಯೋಗಿ. ಮೊದಲ ಬಸುರು, ಈಗ 17 ವಾರ. ವಾಂತಿ ನಿಂತಿದೆ, ರಕ್ತದೊತ್ತಡ ಸರಿಯಾಗಿದೆ, ಹಿಮೋಗ್ಲೋಬಿನ್ 9.8 ಇದೆ. ಮದುವೆಯಾದಾಗಿನಿಂದ ನಾನು ಮತ್ತು ನನ್ನ ಯಜಮಾನರು ಪ್ರತಿವರ್ಷ ಡಿಸೆಂಬರ್ ಕೊನೆಯಲ್ಲಿ ಚಾರಣಕ್ಕೆ ಹೋಗುತ್ತೇವೆ. ಈ ಸಲ ನಮ್ಮ ಕಾರಿನಲ್ಲೇ ಎಂಟು ದಿನದ ಪ್ರವಾಸ ಯೋಚಿಸಿದ್ದೇವೆ: ಮೊದಲ ದಿನ ಒಂದೇ ಓಟಕ್ಕೆ ಗೋಕರ್ಣ, ಅಲ್ಲಿಂದ ಮುರ್ಡೇಶ್ವರ, ಉಡುಪಿ, ಆಗುಂಬೆ, ಕುದುರೆಮುಖ ಚಾರಣ, ಮುಳ್ಳಯ್ಯನಗಿರಿ, ಮತ್ತೆ ಮನೆ. ಆಗ ನನಗೆ 21–22 ವಾರ ತುಂಬಿರುತ್ತದೆ. ‘ಬಸುರಿ ಹೊಳೆ ದಾಟಬಾರದು’ ಎಂದು ಅತ್ತೆಯವರು ಪಟ್ಟು ಹಿಡಿದಿದ್ದಾರೆ. ನಿಜವಾಗಿ ಹೋಗಬಾರದೇ? ರಸ್ತೆಯ ಉಬ್ಬುಗಳಿಂದ ಮಗುವಿಗೆ ತೊಂದರೆಯೇ? ಎಷ್ಟು ನಡೆಯಬಹುದು? ನಾನೂ ಕಾರು ಓಡಿಸಬಹುದೇ?

ಉತ್ತರ: ಹೋಗಬಹುದು. ಆದರೆ ನೀವು ಬರೆದಿರುವ ಪಟ್ಟಿಯ ಪ್ರಕಾರ ಬೇಡ.

ನಿಮ್ಮ ಅತ್ತೆಯವರ ಮಾತಿನಿಂದಲೇ ಆರಂಭಿಸುತ್ತೇನೆ. ಹೆರಿಗೆ ವೈದ್ಯೆಯಾಗಿ ನನ್ನ ಬಳಿ ಬರುವ ಹತ್ತು ಬಸುರಿಯರಲ್ಲಿ ನಾಲ್ವರಾದರೂ ಈ ಹೊಳೆಯ ಮಾತನ್ನು ಎತ್ತುತ್ತಾರೆ. ಎಳೆಯ ವೈದ್ಯೆಯಾಗಿದ್ದಾಗ ನಾನು ಇದಕ್ಕೆ ನಗುತ್ತಿದ್ದೆ. ಈಗ ನಗುವುದಿಲ್ಲ. ಭೀಮೆಗೂ ಕೃಷ್ಣೆಗೂ ಸೇತುವೆ ಇಲ್ಲದಿದ್ದ ಕಾಲವನ್ನು ನೆನೆಯಿರಿ. ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋದ ಬಸುರಿಗೆ ಸಂಜೆ ನೋವು ಕಾಣಿಸಿಕೊಂಡರೆ, ಅಥವಾ ಮೇಲೆ ಎಲ್ಲೋ ಮಳೆಯಾಗಿ ಹೊಳೆ ಏರಿದರೆ, ಸೂಲಗಿತ್ತಿ ಈಚೆ ದಡದಲ್ಲಿ, ಬಸುರಿ ಆಚೆ ದಡದಲ್ಲಿ. ಆ ನಿಷೇಧ ಹುಟ್ಟಿದ್ದು ನೀರಿನ ಭಯದಿಂದ ಮಾತ್ರವಲ್ಲ, ಹಿಂದಿರುಗಲಾಗದ ಕಡೆಗೆ ಹೋಗುವ ಭಯದಿಂದ ಎಂದು ನಾನು ತಿಳಿದಿದ್ದೇನೆ. ಇಂದು ನೀವು ಜೇವರ್ಗಿ ಮುಟ್ಟುವ ಮೊದಲೇ ಭೀಮೆಯನ್ನು ದಾಟಿರುತ್ತೀರಿ, ಕೋಲ್ಹಾರದ ಬಳಿ ಕೃಷ್ಣೆಯನ್ನೂ ದಾಟುತ್ತೀರಿ. ಕಿಟಕಿಯಿಂದ ನೋಡಿದರೆ ಉಂಟು, ಇಲ್ಲದಿದ್ದರೆ ಅದೂ ಇಲ್ಲ. ಆ ಹೊಳೆಗಳು ಈಗ ಹೊಳೆಗಳಲ್ಲ. ನಿಮ್ಮ ಪಟ್ಟಿಯಲ್ಲಿ ನಿಜವಾದ ಹೊಳೆಗಳು ಬೇರೆ ಇವೆ. ಅವು ಯಾವುವೆಂದು ಗುರುತಿಸಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ನಾನು ಬಳಸುವ ಅಳತೆ ಇಷ್ಟೇ: ನೀವು ನಿಂತ ಜಾಗದಿಂದ, ಹಗಲಾಗಲಿ ರಾತ್ರಿಯಾಗಲಿ, ಒಂದು ಗಂಟೆಯೊಳಗೆ ಒಬ್ಬ ವೈದ್ಯರ ಮುಂದೆ, ಎರಡು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಮತ್ತು ರಕ್ತ ಎರಡೂ ಸಿಗುವ ಆಸ್ಪತ್ರೆಯಲ್ಲಿ ಇರಲು ಸಾಧ್ಯವೇ? ಸಾಧ್ಯವಿದ್ದರೆ ಹೋಗಿ. ಇಲ್ಲದಿದ್ದರೆ ಅದು ಹೊಳೆ. ಇಲ್ಲಿ ಒಂದು ಕಹಿ ಮಾತನ್ನೂ ಹೇಳಿಬಿಡಬೇಕು. 22 ವಾರಕ್ಕೆ ಹುಟ್ಟುವ ಮಗು ಬದುಕುವುದು ದೊಡ್ಡ ಆಸ್ಪತ್ರೆಗಳಲ್ಲಿಯೂ ಅಪರೂಪ. ಆ ವಾರಗಳಲ್ಲಿ ಆಸ್ಪತ್ರೆಯ ದೂರವನ್ನು ನಾನು ಲೆಕ್ಕ ಹಾಕುವುದು ಮುಖ್ಯವಾಗಿ ನಿಮಗಾಗಿ, ರಕ್ತಸ್ರಾವವಾದರೆ ನಿಮ್ಮನ್ನು ಉಳಿಸಿಕೊಳ್ಳುವುದಕ್ಕಾಗಿ.

ಈ ಅಳತೆಯನ್ನು ಹಿಡಿದು ನಿಮ್ಮ ಪಟ್ಟಿಯನ್ನು ನೋಡಿದರೆ ಕುದುರೆಮುಖ ಚಾರಣ ಮೊದಲ ಏಟಿಗೇ ಬೀಳುತ್ತದೆ. ಅದರ ಎತ್ತರದ ಬಗ್ಗೆ ನನಗೆ ಚಿಂತೆಯಿಲ್ಲ. ಕುದುರೆಮುಖ ಸುಮಾರು 1,890 ಮೀಟರ್, ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಎತ್ತರದ ಕಾರಣಕ್ಕೆ ತಲೆನೋವು, ಉಸಿರುಕಟ್ಟು ಶುರುವಾಗುವುದು ಸಾಮಾನ್ಯವಾಗಿ 2,500 ಮೀಟರಿನ ಆಸುಪಾಸಿನಲ್ಲಿ. ನಮ್ಮ ಪಶ್ಚಿಮ ಘಟ್ಟದಲ್ಲಿ ಕರ್ನಾಟಕದೊಳಗೆ ಎಲ್ಲಿ ಏರಿದರೂ ಆ ಗಡಿ ಮುಟ್ಟುವುದಿಲ್ಲ. ಚಿಂತೆ ಬೇರೆಯದು. ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿಬರಲು ಸುಮಾರು ಇಪ್ಪತ್ತು ಕಿಲೋಮೀಟರ್ ನಡಿಗೆ, ಮುಳ್ಳೋಡಿಗೆ ಹೋಗುವುದೇ ಮೈ ಕುಲುಕಿಸುವ ಜೀಪಿನಲ್ಲಿ, ದಾರಿಯ ಬಹುಭಾಗ ಮೊಬೈಲ್ ಸಿಗ್ನಲ್ ಇಲ್ಲ. ಹತ್ತನೆಯ ಕಿಲೋಮೀಟರಿನಲ್ಲಿ ನಿಮ್ಮ ಕಾಲು ಉಳುಕಿದರೆ ನಿಮ್ಮನ್ನು ಹೊತ್ತು ತರಬೇಕು. ಚಾರಣದ ಅನುಭವವಿದೆ ಎಂದು ನೀವು ಹೇಳಬಹುದು. ಅನುಭವ ನಿಮ್ಮ ಹಳೆಯ ದೇಹಕ್ಕೆ ಇತ್ತು. ಈಗ ಹೊಟ್ಟೆಯ ಭಾರ ಮುಂದಕ್ಕೆ ಸರಿದಿದೆ, ಹಾರ್ಮೋನುಗಳಿಂದ ಕೀಲುಗಳ ಬಂಧ ಸಡಿಲಗೊಂಡಿದೆ, ನಿಮ್ಮ ಪಾದ ನಿಮಗೇ ಸರಿಯಾಗಿ ಕಾಣದ ದಿನಗಳು ಹತ್ತಿರ ಬರುತ್ತಿವೆ. ಏರುವಾಗ ಏದುಸಿರು, ಇಳಿಯುವಾಗ ಜಾರು. ಬೆಟ್ಟದಲ್ಲಿ ಬೀಳುವುದು ಹೆಚ್ಚಾಗಿ ಇಳಿಯುವಾಗಲೇ. ಕುದುರೆಮುಖ ಎಲ್ಲಿಗೂ ಹೋಗುವುದಿಲ್ಲ, ಎರಡು ವರ್ಷ ಬಿಟ್ಟು ಹೋಗಿ.

ಗೋಕರ್ಣದ ಪ್ಯಾರಡೈಸ್ ಬೀಚ್ ಎರಡನೆಯ ಹೊಳೆ. ಅಲ್ಲಿಗೆ ಕಾರು ಹೋಗುವುದಿಲ್ಲ, ಬಂಡೆಗಳ ಮೇಲೆ ನಡೆದು ಹೋಗಬೇಕು ಅಥವಾ ದೋಣಿಯಲ್ಲಿ ಹೋಗಬೇಕು. ಕುಡ್ಲೆ ಮತ್ತು ಓಂ ಕಡಲತೀರಗಳಿಗೇ ನಿಮ್ಮ ನಡಿಗೆಯನ್ನು ಮುಗಿಸಿ. ಕೊಡಚಾದ್ರಿಯ ಜೀಪ್ ದಾರಿ ನಿಮ್ಮ ಪಟ್ಟಿಯಲ್ಲಿ ಇಲ್ಲ. ಉಡುಪಿಯಲ್ಲಿ ಯಾರಾದರೂ ಹತ್ತಿರವೇ ಇದೆ, ಹೋಗಿ ಬನ್ನಿ ಎಂದರೆ ಒಪ್ಪಬೇಡಿ.

ಈಗ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತ ಸಂಖ್ಯೆಗೆ ಬರುತ್ತೇನೆ: 9.8. ಬಸುರಿನಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತೇವೆ, 7ರಿಂದ 9.9ರವರೆಗೆ ಅದು ಮಧ್ಯಮ ಪ್ರಮಾಣದ್ದು. ನಿಮ್ಮದು ಆ ಸಾಲಿನಲ್ಲಿದೆ. ನೀವು ಇದನ್ನು ರಕ್ತದೊತ್ತಡದ ಪಕ್ಕದಲ್ಲಿ, ಎಲ್ಲವೂ ಚೆನ್ನಾಗಿದೆ ಎಂಬ ಧಾಟಿಯಲ್ಲಿ ಬರೆದಿದ್ದೀರಿ. ನಮ್ಮ ಭಾಗದಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವಾಗಿದೆ ಎಂದರೆ ಅದನ್ನು ಕಾಯಿಲೆ ಎಂದು ಯಾರೂ ಎಣಿಸುವುದಿಲ್ಲ. ಆದರೆ ಲೆಕ್ಕ ನೋಡಿ. ಬಸುರಿನಲ್ಲಿ ದೇಹದ ರಕ್ತದ ಪ್ರಮಾಣವೇ ನಲವತ್ತು ಐವತ್ತು ಪ್ರತಿಶತದಷ್ಟು ಏರುತ್ತದೆ, ಸುಮ್ಮನೆ ಕುಳಿತಿದ್ದರೂ ಹೃದಯ ನಿಮಿಷಕ್ಕೆ ಹತ್ತು–ಇಪ್ಪತ್ತು ಬಡಿತ ಹೆಚ್ಚು ಬಡಿಯುತ್ತದೆ. ಅದರ ಮೇಲೆ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕಡಿಮೆ. ಅದರ ಮೇಲೆ ಬೆಟ್ಟ. ಮನೆಯಲ್ಲಿ ತಿಳಿಯದ ಸುಸ್ತು ಐವತ್ತು ಮೆಟ್ಟಿಲು ಹತ್ತಿದಾಗ ತಲೆಸುತ್ತಾಗಿ ಬರುತ್ತದೆ. ಅಕಸ್ಮಾತ್ ರಕ್ತಸ್ರಾವವಾದರೆ 12 ಇರುವವಳು ತಡೆದುಕೊಳ್ಳುವಷ್ಟನ್ನು 9.8 ಇರುವವಳು ತಡೆದುಕೊಳ್ಳುವುದಿಲ್ಲ.

ಪ್ರವಾಸಕ್ಕೆ ಇನ್ನೂ ನಾಲ್ಕೈದು ವಾರಗಳಿವೆ, ಅದು ನಿಮ್ಮ ಅದೃಷ್ಟ. ಮಾತ್ರೆಯನ್ನು ಸರಿಯಾಗಿ ನುಂಗಿದರೆ ತಿಂಗಳಿಗೆ ಸುಮಾರು ಒಂದು ಗ್ರಾಂ ಏರುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ರಕ್ತಹೀನತೆ ಇಲ್ಲದವರಿಗೆ ದಿನಕ್ಕೆ ಒಂದು, ನಿಮ್ಮಂತಹವರಿಗೆ ಎರಡು. ನಿಮ್ಮ ವೈದ್ಯರನ್ನು ಕೇಳಿ ನಿಗದಿಪಡಿಸಿಕೊಳ್ಳಿ. ಸರಿಯಾಗಿ ನುಂಗುವುದು ಎಂದರೆ: ಚಹಾದೊಂದಿಗೆ ಅಲ್ಲ, ಚಹಾ ಕುಡಿದ ಕೂಡಲೇ ಅಲ್ಲ, ಹಾಲಿನೊಂದಿಗೆ ಅಲ್ಲ, ಕ್ಯಾಲ್ಸಿಯಂ ಮಾತ್ರೆಯ ಜೊತೆಗಂತೂ ಅಲ್ಲ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಇರಲಿ. ಲಿಂಬೆ ಶರಬತ್ತಿನೊಂದಿಗೆ ನುಂಗಿದರೆ ಒಳ್ಳೆಯದು. ಮಲ ಕಪ್ಪಾಗುತ್ತದೆ, ಹೆದರಬೇಡಿ. ಮಲಬದ್ಧತೆಯಾದರೆ ಮಾತ್ರೆ ಬಿಡಬೇಡಿ, ವೈದ್ಯರಿಗೆ ಹೇಳಿ, ಬೇರೆ ಬಗೆಯದು ಕೊಡುತ್ತಾರೆ. ಪುಂಡಿಪಲ್ಯ, ಶೇಂಗಾ, ಬೆಲ್ಲ ತಿನ್ನುತ್ತೇನೆ, ಸಾಕಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಖಂಡಿತ ತಿನ್ನಿ, ಆದರೆ 9.8 ಅದರಿಂದಲೇ ಏರುವುದಿಲ್ಲ. ಹೊರಡುವ ವಾರ ಮತ್ತೆ ಪರೀಕ್ಷೆ ಮಾಡಿಸಿ. 10.5 ದಾಟಿದ್ದರೆ ಕೆಳಗೆ ಹೇಳುವ ನಡಿಗೆಗಳೆಲ್ಲ ನಿಮ್ಮವು. ದಾಟದಿದ್ದರೆ ಕಡಲ ದಂಡೆಯಲ್ಲಿ ಕುಳಿತು ಬರುವ ಪ್ರವಾಸ ಮಾಡಿ, ಬೆಟ್ಟವನ್ನು ಕಾರಿನ ಕಿಟಕಿಯಿಂದ ನೋಡಿ.

ಇನ್ನೊಂದು ಪರೀಕ್ಷೆ ಐದನೆಯ ತಿಂಗಳ ಸ್ಕ್ಯಾನ್, 18ರಿಂದ 20 ವಾರದ ನಡುವೆ ಮಾಡುವುದು. ಮಗುವಿನ ಅಂಗಾಂಗ ನೋಡಲು ಎಂದು ಎಲ್ಲರಿಗೂ ಗೊತ್ತು. ಪ್ರವಾಸದ ದೃಷ್ಟಿಯಿಂದ ನಾನು ಅದರಲ್ಲಿ ನೋಡುವುದು ಬೇರೆ: ಮಾಸು ಎಲ್ಲಿ ಕುಳಿತಿದೆ? ಅದು ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಂಡಿದ್ದರೆ ಯಾವ ಎಚ್ಚರಿಕೆಯೂ ಕೊಡದೆ ನೋವಿಲ್ಲದೆಯೇ ರಕ್ತ ಹೋಗಬಹುದು. ಹಾಗಿದ್ದರೆ ಪ್ರವಾಸ ರದ್ದು, ಅದರಲ್ಲಿ ಚೌಕಾಸಿ ಇಲ್ಲ. ಗರ್ಭಕೋಶದ ಬಾಯಿ ಗಿಡ್ಡವಾಗಿದ್ದರೂ ಅದೇ ಮಾತು. ಆದ್ದರಿಂದ ಸ್ಕ್ಯಾನ್ ಆಗುವ ಮೊದಲು ಯಾವ ಹೋಟೆಲಿಗೂ ಮುಂಗಡ ಕಟ್ಟಬೇಡಿ. ಸ್ಕ್ಯಾನ್ ಚೆನ್ನಾಗಿದ್ದರೆ, ನಿಜ ಹೇಳಬೇಕೆಂದರೆ, ನೀವು ಆರಿಸಿಕೊಂಡ ಕಾಲಕ್ಕಿಂತ ಒಳ್ಳೆಯ ಕಾಲ ಇಡೀ ಬಸುರಿನಲ್ಲಿಲ್ಲ. 14ರಿಂದ 28 ವಾರ ಪ್ರಯಾಣಕ್ಕೆ ಹೇಳಿಮಾಡಿಸಿದ್ದು. ವಾಂತಿ ಮುಗಿದಿರುತ್ತದೆ, ಗರ್ಭಪಾತದ ಭಯ ಇಳಿದಿರುತ್ತದೆ, ಹೊಟ್ಟೆ ಇನ್ನೂ ದಾರಿಗೆ ಅಡ್ಡ ಬಂದಿರುವುದಿಲ್ಲ.

ಈಗ ರಸ್ತೆ. ನೀವು ಬೆಟ್ಟಗಳನ್ನು ಹೆಸರು ಹಿಡಿದು ಬರೆದಿದ್ದೀರಿ, ಕಲಬುರಗಿಯಿಂದ ಗೋಕರ್ಣದವರೆಗಿನ ದಾರಿಯ ಬಗ್ಗೆ ‘ಒಂದೇ ಓಟ’ ಎಂದು ಎರಡು ಪದ. ನನಗೆ ಹೆಚ್ಚು ಭಯವಿರುವುದು ಆ ಎರಡು ಪದಗಳ ಬಗ್ಗೆ. ಹುಬ್ಬಳ್ಳಿಯೇ ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಅಲ್ಲಿಂದ ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾ, ಗೋಕರ್ಣ ಎಂದರೆ ಇನ್ನೂ ನೂರಾ ಅರವತ್ತರ ಹತ್ತಿರ. ಹನ್ನೊಂದು ಹನ್ನೆರಡು ಗಂಟೆ ಕುಳಿತಿರಬೇಕು. ಬಸುರಿನಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟುವಂತೆ ದೇಹವೇ ಬದಲಾಗಿರುತ್ತದೆ, ಹೆರಿಗೆಯಲ್ಲಿ ಹೆಚ್ಚು ರಕ್ತ ಹೋಗದಿರಲೆಂದು ಪ್ರಕೃತಿ ಮಾಡಿಕೊಂಡ ಏರ್ಪಾಡು ಅದು. ಅದೇ ಏರ್ಪಾಡು ಕಾಲು ಮಡಿಸಿ ಗಂಟೆಗಟ್ಟಲೆ ಕುಳಿತಾಗ ತಿರುಗಿಬೀಳುತ್ತದೆ: ಮೀನಖಂಡದ ಆಳದ ರಕ್ತನಾಳದಲ್ಲಿ ಗಡ್ಡೆ ಕಟ್ಟಬಹುದು, ಅದು ಶ್ವಾಸಕೋಶಕ್ಕೆ ಹಾರಿದರೆ ಪ್ರಾಣಕ್ಕೇ ಅಪಾಯ. ಪರಿಹಾರ ಬಹಳ ಅಗ್ಗದ್ದು. ಗಂಟೆ–ಒಂದೂವರೆ ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ನಡೆಯಿರಿ, ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ, ನೀರು ಕುಡಿಯಿರಿ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕಾರಿನಲ್ಲಿ ಕೂರಬೇಡಿ.

ನೀರು ಕುಡಿಯಿರಿ ಎಂದು ಬರೆಯುವುದು ಸುಲಭ. ಇಲ್ಲೊಂದು ಹಳೆಯ ಕಥೆ ಹೇಳುತ್ತೇನೆ. ನನ್ನ ಮೊದಲ ಬಸುರಿನ ಆರನೆಯ ತಿಂಗಳಲ್ಲಿ ಕೆಲಸದ ಮೇಲೆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿದ್ದೆ. ನಾನೇ ಹೆರಿಗೆ ವೈದ್ಯೆ, ಎಲ್ಲ ಗೊತ್ತು. ಆದರೂ ಬೆಳಿಗ್ಗೆಯಿಂದ ಸಂಜೆಯವರೆಗೆ ಎರಡು ಗುಟುಕು ನೀರು ಕುಡಿದಿದ್ದರೆ ಹೆಚ್ಚು, ಏಕೆಂದರೆ ದಾರಿಯ ನಿಲ್ದಾಣಗಳ ಶೌಚಾಲಯಗಳನ್ನು ನೆನೆಸಿಕೊಂಡರೇ ಹೊಟ್ಟೆ ತೊಳೆಸುತ್ತಿತ್ತು. ಮೂರನೆಯ ದಿನ ಚಳಿಜ್ವರ, ಬೆನ್ನಿನ ಒಂದು ಪಕ್ಕ ಹರಿತವಾದ ನೋವು. ಮೂತ್ರಪಿಂಡಕ್ಕೆ ಸೋಂಕು ಏರಿತ್ತು, ಐದು ದಿನ ಆಸ್ಪತ್ರೆಯಲ್ಲಿ ಸಲೈನ್ ಏರಿಸಿಕೊಂಡು ಮಲಗಿದೆ. ಬಸುರಿನಲ್ಲಿ ಮೂತ್ರನಾಳ ಸಡಿಲವಾಗಿ ಮೂತ್ರ ನಿಧಾನವಾಗಿ ಹರಿಯುತ್ತದೆ. ಕಟ್ಟಿಹಿಡಿದರೆ ಸೋಂಕು ಮೇಲೇರುತ್ತದೆ, ಸೋಂಕು ಏರಿದರೆ ಅಕಾಲ ನೋವು ಶುರುವಾಗಬಹುದು. ನಮ್ಮ ಹೆಣ್ಣುಮಕ್ಕಳು ಪ್ರಯಾಣದಲ್ಲಿ ನೀರು ಬಿಡುವುದು ಅಭ್ಯಾಸದಿಂದಲ್ಲ, ಶೌಚಾಲಯ ಇಲ್ಲದ್ದರಿಂದ. ಅದಕ್ಕಾಗಿ ಊಟದ ಜಾಗಕ್ಕಿಂತ ಮೊದಲು ಶೌಚಾಲಯದ ಜಾಗಗಳನ್ನು ಗೊತ್ತುಮಾಡಿಕೊಳ್ಳಿ: ಹೆದ್ದಾರಿಯ ದೊಡ್ಡ ಪೆಟ್ರೋಲ್ ಬಂಕುಗಳು, ಪಟ್ಟಣದೊಳಗಿನ ಕುಟುಂಬಗಳು ಬರುವ ಹೋಟೆಲುಗಳು. ಚೀಲದಲ್ಲಿ ಒಂದು ಸೋಪು, ಒಂದು ಬಾಟಲಿ ನೀರು, ಹಳೆಯ ಹತ್ತಿ ಸೀರೆಯ ನಾಲ್ಕು ತುಂಡು. ಬೇಕಾಗುವ ಮೊದಲೇ ನಿಲ್ಲಿಸಿ. ನಿಮ್ಮ ಯಜಮಾನರಿಗೆ ಇದು ಅತಿಯೆನಿಸಿದರೆ ನನ್ನ ಆ ಐದು ದಿನದ ಕಥೆ ಹೇಳಿ.

ರಸ್ತೆಯ ಉಬ್ಬುಗಳ ಬಗ್ಗೆ ಕೇಳಿದ್ದೀರಿ. ಮಗು ನೀರಿನ ಚೀಲದಲ್ಲಿ ತೇಲುತ್ತಿದೆ, ಉಬ್ಬು ಹಾರಿದ್ದಕ್ಕೆ ಆರೋಗ್ಯವಾಗಿರುವ ಬಸುರು ಇಳಿಯುವುದಿಲ್ಲ. ಸೊಂಟಕ್ಕೆ ನೋವಾಗುತ್ತದೆ, ಬೆನ್ನಿಗೆ ದಿಂಬು ಇಟ್ಟುಕೊಳ್ಳಿ, ಅಷ್ಟೇ. ಉಬ್ಬಿಗಿಂತ ನೂರು ಪಾಲು ಕೆಟ್ಟದ್ದು ನಮ್ಮ ಮನೆಗಳ ಪ್ರೀತಿಯ ಪದ್ಧತಿ: ಬಸುರಿಯನ್ನು ಹಿಂದಿನ ಸೀಟಿನಲ್ಲಿ ಎರಡು ದಿಂಬು ಹಾಕಿ ಉದ್ದಕ್ಕೆ ಮಲಗಿಸಿ ಕರೆದೊಯ್ಯುವುದು. ಬೆಲ್ಟ್ ಇಲ್ಲ. ಎದುರಿಗೆ ಎಮ್ಮೆ ಬಂತು, ಬ್ರೇಕ್ ಬಿತ್ತು, ಅವಳು ಮುಂದಿನ ಸೀಟಿಗೆ ಹೊಟ್ಟೆ ಕೊಟ್ಟು ಬಿದ್ದಳು. ಅಂತಹ ಪೆಟ್ಟಿಗೆ ಮಾಸು ಗರ್ಭಕೋಶದ ಗೋಡೆಯಿಂದ ಕಿತ್ತುಬರಬಹುದು. ಕುಳಿತೇ ಹೋಗಿ, ಬೆಲ್ಟ್ ಹಾಕಿಯೇ ಹೋಗಿ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಅಲ್ಲ, ಹೊಟ್ಟೆಯ ಕೆಳಗೆ, ಸೊಂಟದ ಎಲುಬಿಗೆ ಒತ್ತಿಕೊಂಡಿರಲಿ. ಮೇಲಿನ ಪಟ್ಟಿ ಎರಡು ಸ್ತನಗಳ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಇಳಿಯಲಿ. ಮುಂದೆ ಕೂರುವುದಾದರೆ ಸೀಟನ್ನು ಆದಷ್ಟು ಹಿಂದಕ್ಕೆ ಸರಿಸಿ, ಏರ್‌ಬ್ಯಾಗ್ ಆರಿಸಬೇಡಿ. ಎಷ್ಟೇ ಸಣ್ಣ ಡಿಕ್ಕಿಯಾದರೂ, ಏನೂ ಆಗಿಲ್ಲ ಅನಿಸಿದರೂ, ಆಸ್ಪತ್ರೆಗೆ ಹೋಗಿ ಕೆಲವು ಗಂಟೆ ಅಲ್ಲೇ ಇದ್ದು ನೋಡಿಸಿಕೊಳ್ಳಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಹೊಟ್ಟೆಗೆ ಪೆಟ್ಟಾದ 72 ಗಂಟೆಯೊಳಗೆ ಒಂದು ಇಂಜೆಕ್ಷನ್ ಬೇಕಾಗುತ್ತದೆ. ಗುಂಪು ಯಾವುದೆಂದು ನೀವು ಬರೆದಿಲ್ಲ.

ಕಾರನ್ನು ನೀವೂ ಓಡಿಸಬಹುದು. ಸ್ಟೇರಿಂಗಿಗೂ ಎದೆಯೆಲುಬಿಗೂ ನಡುವೆ ಒಂದು ಗೇಣಿಗಿಂತ ಹೆಚ್ಚು, ಅಂದರೆ 25 ಸೆಂಟಿಮೀಟರ್ ಅಂತರವಿರಬೇಕು. ಬಯಲುಸೀಮೆಯ ನೇರ ರಸ್ತೆಯಲ್ಲಿ ಓಡಿಸಿ. ಘಟ್ಟದಲ್ಲಿ ಬೇಡ. ಆದರೆ ಒಂದು ವಿಚಿತ್ರವೂ ಉಂಟು: ತಿರುವುಗಳಲ್ಲಿ ಪಕ್ಕದಲ್ಲಿ ಕುಳಿತವರಿಗೆ ವಾಂತಿ ಬರುತ್ತದೆ, ಓಡಿಸುವವರಿಗೆ ಬರುವುದಿಲ್ಲ. ಆಗುಂಬೆ ಘಟ್ಟದ ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ನೀವು ಪಕ್ಕದಲ್ಲಿ ಕೂರುವವರು. ಅಂದು ಹಗುರವಾಗಿ ತಿನ್ನಿ, ದೂರದ ರಸ್ತೆಯನ್ನೇ ನೋಡಿ, ಮೊಬೈಲ್ ನೋಡಬೇಡಿ, ಒಂದು ಚೂರು ಶುಂಠಿ ಬಾಯಲ್ಲಿರಲಿ. ವಾಂತಿಯ ಮಾತ್ರೆಯನ್ನು ಔಷಧದ ಅಂಗಡಿಯವರನ್ನು ಕೇಳಿ ಕೊಳ್ಳಬೇಡಿ, ಇಲ್ಲಿಂದಲೇ ಬರೆಸಿಕೊಂಡು ಹೋಗಿ.

ಹಾಗಾದರೆ ಪಟ್ಟಿಯನ್ನು ಹೇಗೆ ಬದಲಿಸಬೇಕು? ಎಂಟು ದಿನದಲ್ಲಿ ಕಡಲು, ಘಟ್ಟ, ಚಿಕ್ಕಮಗಳೂರು ಮೂರೂ ಸಾಧ್ಯವಿಲ್ಲ. ಮೊದಲ ರಾತ್ರಿ ವಿಜಯಪುರ. ನಾಲ್ಕು ಗಂಟೆಯ ದಾರಿ, ಸಂಜೆ ಗೋಲಗುಮ್ಮಟದ ಹುಲ್ಲಿನ ಮೇಲೆ ನಡೆಯಿರಿ, ಆ ಕಡಿದಾದ ಸುರುಳಿ ಮೆಟ್ಟಿಲು ಹತ್ತದೆ. ಎರಡನೆಯ ರಾತ್ರಿ ಹುಬ್ಬಳ್ಳಿ. ದಾರಿಯಲ್ಲಿ ಕೋಲ್ಹಾರದ ಗಡಿಗೆ ಮೊಸರನ್ನು ತಿನ್ನಬೇಕೆನಿಸಿದರೆ ತಿನ್ನಿ, ಬಾಯಿ ಮುಚ್ಚಿದ ಗಡಿಗೆಯದು, ಅಂದಿನದೇ ಎಂದು ಕೇಳಿ. ಮೂರು, ನಾಲ್ಕು ಗೋಕರ್ಣ. ಐದು, ಆರು ಉಡುಪಿ, ಮುರ್ಡೇಶ್ವರ ದಾರಿಯಲ್ಲೇ ಸಿಗುತ್ತದೆ. ಏಳನೆಯ ದಿನ ಆಗುಂಬೆ ಹತ್ತಿ ತೀರ್ಥಹಳ್ಳಿ, ಶಿವಮೊಗ್ಗ ದಾಟಿ ಚಿತ್ರದುರ್ಗ. ಎಂಟನೆಯ ದಿನಕ್ಕೆ ಮನೆ ಎಂದರೆ ಅತಿಯಾಯಿತು, ಹೊಸಪೇಟೆಯಲ್ಲಿ ಒಂದು ರಾತ್ರಿ ತಂಗಿ, ರಜೆಯನ್ನು ಒಂದು ದಿನ ಹಿಗ್ಗಿಸಿ. ಮುಳ್ಳಯ್ಯನಗಿರಿಯನ್ನು ಬಿಡಿ ಎನ್ನುತ್ತಿರುವುದು ಆರೋಗ್ಯದ ಕಾರಣಕ್ಕಲ್ಲ, ಅಲ್ಲಿ ಶಿಖರದ ಹತ್ತಿರದವರೆಗೂ ವಾಹನ ಹೋಗುತ್ತದೆ, ಉಳಿದದ್ದು ಕೆಲವು ನೂರು ಮೆಟ್ಟಿಲು. ದಿನಗಳು ಸಾಲುವುದಿಲ್ಲ, ಅಷ್ಟೇ. ಬೆಟ್ಟದ ಆಸೆಗೆ ಆಗುಂಬೆಯ ಬಳಿಯ ಕುಂದಾದ್ರಿ ಇದೆ. ಅಲ್ಲಿಯೂ ತುದಿಯ ಹತ್ತಿರದವರೆಗೆ ಕಾರು ಹೋಗುತ್ತದೆ, ಮೇಲೆ ಹಳೆಯ ಜೈನ ಬಸದಿ, ಸುತ್ತ ಮಲೆನಾಡು. ಏಳನೆಯ ದಿನ ಅದನ್ನೂ ಸೇರಿಸುವುದಾದರೆ ಆ ರಾತ್ರಿ ಶಿವಮೊಗ್ಗದಲ್ಲೇ ನಿಲ್ಲಿ.

ಆಸ್ಪತ್ರೆಗಳ ಲೆಕ್ಕವನ್ನೂ ಇದರೊಂದಿಗೆ ಹೊಂದಿಸಿ. ವಿಜಯಪುರ, ಹುಬ್ಬಳ್ಳಿ, ಶಿವಮೊಗ್ಗಗಳಲ್ಲಿ ಚಿಂತೆಯಿಲ್ಲ. ಉಡುಪಿಯ ಪಕ್ಕದಲ್ಲೇ ಮಣಿಪಾಲ. ತೆಳ್ಳಗಿರುವುದು ಗೋಕರ್ಣದ ಭಾಗ: ಕುಮಟಾದಲ್ಲಿ ತಾಲ್ಲೂಕು ಆಸ್ಪತ್ರೆ ಇದೆ, ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಸುಮಾರು ಅರವತ್ತು ಕಿಲೋಮೀಟರ್, ಮಣಿಪಾಲಕ್ಕೆ ನೂರೈವತ್ತಕ್ಕೂ ಹೆಚ್ಚು. ಉತ್ತರ ಕನ್ನಡದವರು ತಮ್ಮ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಬೀದಿಗಿಳಿಯುತ್ತಿರುವುದು ಸುಮ್ಮನೆ ಅಲ್ಲ. ಆದರೂ ಕಾರವಾರ ನನ್ನ ಎರಡು ಗಂಟೆಯ ಅಳತೆಯೊಳಗೆ ಬರುತ್ತದೆ, ಆದ್ದರಿಂದ ಒಪ್ಪಿದೆ. ಡಿಸೆಂಬರ್ ಆಗಿರುವುದೂ ಒಂದು ಕಾರಣ. ಮಳೆಗಾಲದಲ್ಲಿ ಕೇಳಿದ್ದರೆ ಖಂಡಿತ ಬೇಡ ಎನ್ನುತ್ತಿದ್ದೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಗಿತ್ತು. ಆಗ ಅದು ನಿಜವಾಗಿಯೂ ಹೊಳೆ.

ಎಷ್ಟು ನಡೆಯಬಹುದು? ಕಿಲೋಮೀಟರಿನಲ್ಲಿ ಹೇಳಲಾರೆ. ಯಜಮಾನರೊಂದಿಗೆ ಮಾತನಾಡುತ್ತ ನಡೆಯಿರಿ, ವಾಕ್ಯದ ನಡುವೆ ಉಸಿರಿಗಾಗಿ ನಿಲ್ಲಬೇಕಾದರೆ ಅದು ನಿಮ್ಮ ಮಿತಿ. ಬೆಳಗಿನ ತಂಪಿನಲ್ಲಿ ನಡೆಯಿರಿ. ಕರಾವಳಿಯಲ್ಲಿ ಡಿಸೆಂಬರಿನಲ್ಲೂ ಮಧ್ಯಾಹ್ನ ಬೆವರು ಸುರಿಯುತ್ತದೆ, ನಮ್ಮ ಒಣ ಚಳಿಗೆ ಹೊಂದಿಕೊಂಡವರಿಗೆ ಅದು ಬೇಗ ತಿಳಿಯುವುದಿಲ್ಲ. ಸಮುದ್ರದಲ್ಲಿ ಮೊಣಕಾಲಿನವರೆಗೆ ನಿಲ್ಲಿ. ಅಲೆ ಕಾಲಡಿಯ ಮರಳನ್ನು ಎಳೆದೊಯ್ಯುವಾಗ ಗಟ್ಟಿಮುಟ್ಟಾದವರೇ ಬೀಳುತ್ತಾರೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಕರೆದೊಯ್ದು ಮಾಡಿಸುವ ಸ್ಕೂಬಾ, ಪ್ಯಾರಾಸೇಲಿಂಗ್, ನೀರಿನ ಮೇಲೆ ಹಾರುವ ಸ್ಕೂಟರುಗಳು ಯಾವುದೂ ಬೇಡ.

ಘಟ್ಟದ ಬಗ್ಗೆ ನಮ್ಮ ಭಾಗದವರಿಗೆ ಗೊತ್ತಿಲ್ಲದ ಒಂದು ವಿಷಯವಿದೆ: ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ನಮ್ಮ ಕಡೆ ಉಣ್ಣಿ ಎನ್ನುವ, ಮಲೆನಾಡಿನವರು ಉಣುಗು ಎನ್ನುವ ಸಣ್ಣ ಹುಳು ಕಚ್ಚಿದರೆ ಬರುತ್ತದೆ. ನೀವು ಹೋಗುವ ಕಾಲಕ್ಕೇ ಅದರ ಹಂಗಾಮು ಶುರುವಾಗಿ ಬೇಸಿಗೆಯವರೆಗೆ ಇರುತ್ತದೆ, ನೀವು ಹೋಗುವ ಜಿಲ್ಲೆಗಳೇ ಅದರ ನೆಲೆ. ಆದ್ದರಿಂದ ಕಾಡಿನೊಳಗಿನ ತರಗೆಲೆಯ ಮೇಲೆ ಕೂರಬೇಡಿ, ಫೋಟೋಗಾಗಿ ಪೊದೆಗೆ ನುಗ್ಗಬೇಡಿ. ಉದ್ದ ತೋಳು, ತಿಳಿ ಬಣ್ಣದ ಬಟ್ಟೆ, ಪ್ಯಾಂಟಿನ ಅಂಚು ಕಾಲುಚೀಲದೊಳಗೆ. ಡೀಟ್ ಇರುವ ಕೀಟ ನಿವಾರಕವನ್ನು ಈ ತಿಂಗಳುಗಳಲ್ಲಿ ಹಚ್ಚಿಕೊಳ್ಳಬಹುದು, ಅದು ಸೊಳ್ಳೆಗೂ ಆಗುತ್ತದೆ. ಕೋಣೆಗೆ ಬಂದ ಕೂಡಲೇ ಸ್ನಾನ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಮುಖ್ಯವಾದದ್ದು ಇದು: ಮನೆಗೆ ಬಂದು ಒಂದೆರಡು ವಾರದಲ್ಲಿ ಜ್ವರ, ತೀವ್ರ ತಲೆನೋವು ಬಂದರೆ ಕಲಬುರಗಿಯ ವೈದ್ಯರಿಗೆ ‘ಮಲೆನಾಡಿಗೆ ಹೋಗಿದ್ದೆ’ ಎಂದು ನೀವಾಗಿಯೇ ಹೇಳಿ. ಇಲ್ಲಿ ಆ ಕಾಯಿಲೆ ಇಲ್ಲದ್ದರಿಂದ ನಾವು ಡೆಂಗಿ, ಟೈಫಾಯ್ಡ್ ಎಂದು ಹುಡುಕುತ್ತ ಕೂರುತ್ತೇವೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೀನು ತಿನ್ನುವವರಾದರೆ ಬಂಗುಡೆ, ಬೂತಾಯಿ ಧಾರಾಳವಾಗಿ ತಿನ್ನಿ, ಶಾರ್ಕ್ ಬೇಡ, ಚಿಪ್ಪಿನ ಪ್ರಾಣಿಗಳು ಪೂರ್ತಿ ಬೆಂದಿರಲಿ. ನೀರಿನ ವಿಷಯದಲ್ಲಿ ಮಾತ್ರ ಹಟ ಹಿಡಿಯಿರಿ, ಕುದಿಸಿದ್ದು ಅಥವಾ ಮೊಹರು ಇರುವ ಬಾಟಲಿಯದು. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಇ ಬೇರೆಯವರಿಗೆ ಕೆಲವು ವಾರದ ಕಾಮಾಲೆ, ಬಸುರಿಗೆ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಜೀವಕ್ಕೆ ಎರವಾಗಬಲ್ಲದು. ಕಬ್ಬಿನ ಹಾಲು, ಐಸ್ ಹಾಕಿದ ಶರಬತ್ತು ಬೇಡ, ಎಳನೀರು ಕುಡಿಯಿರಿ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದೇ ಇರುತ್ತದೆ.

ತಾಯಿ ಕಾರ್ಡ್, ಸ್ಕ್ಯಾನ್ ವರದಿ, ರಕ್ತದ ಗುಂಪಿನ ಚೀಟಿ, ಮಾತ್ರೆಗಳು ಡಿಕ್ಕಿಯಲ್ಲಿ ಬೇಡ, ನಿಮ್ಮ ಕೈಚೀಲದಲ್ಲಿರಲಿ. ಆಸ್ಪತ್ರೆಗಳ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆಂಬುಲೆನ್ಸಿಗೆ 108. ಒಂದು ಹನಿ ರಕ್ತ ಕಂಡರೂ, ನೀರು ಸೋರಿದಂತಾದರೂ, ಹೊಟ್ಟೆ ಮತ್ತೆ ಮತ್ತೆ ಕಲ್ಲಿನಂತೆ ಗಟ್ಟಿಯಾಗಿ ಸಡಿಲಾಗುತ್ತಿದ್ದರೂ, ಕಣ್ಣು ಮಂಜಾಗಿ ತಲೆ ಸಿಡಿಯುತ್ತಿದ್ದರೂ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೂ, ಜ್ವರ ಬಂದರೂ ಊರು ಮುಟ್ಟುವವರೆಗೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ತಿರುಗಿಸಿ. ಕೋಣೆಯ ಬಾಡಿಗೆ ಕೊಟ್ಟಾಗಿದೆ ಎಂಬುದು ಕಾರಣವಲ್ಲ, ನಾನು ಆ ಕಾರಣವನ್ನು ಎರಡು ಸಲ ಕೇಳಿದ್ದೇನೆ.

ಅತ್ತೆಯವರಿಗೆ ಏನು ಹೇಳಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವರನ್ನೂ ಕರೆದುಕೊಂಡು ಹೋಗಿ. ಗಂಟೆಗೊಮ್ಮೆ ಕಾರು ನಿಲ್ಲಿಸಿ ಚಹಾ ಕೇಳುವ ಹಿರಿಯರಿಗಿಂತ ಒಳ್ಳೆಯ ಗಡಿಯಾರ ಬಸುರಿಗೆ ಬೇರೆ ಇಲ್ಲ. ಆ ಚಹಾವನ್ನು ನೀವು ಕುಡಿಯಬೇಡಿ, ಮಾತ್ರೆಯ ಹೊತ್ತು.

ಇದಕ್ಕೆಲ್ಲ ಮೊದಲು ಒಂದು ತಾಲೀಮು ಮಾಡಿ. ಬರುವ ಭಾನುವಾರ ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯಕ್ಕೆ ಹೋಗಿಬನ್ನಿ. ಎರಡು ಗಂಟೆಯ ದಾರಿ, ಈ ತಿಂಗಳಲ್ಲಿ ಅಲ್ಲಿಯ ಕಾಡು ಇನ್ನೂ ಹಸಿರಾಗಿರುತ್ತದೆ. ಬೆಲ್ಟ್ ಎಲ್ಲಿ ಒತ್ತುತ್ತದೆ, ಎಷ್ಟು ಹೊತ್ತಿಗೊಮ್ಮೆ ಇಳಿಯಬೇಕಾಗುತ್ತದೆ, ಗುಡ್ಡದ ಕಡೆ ಅರ್ಧ ಗಂಟೆ ನಡೆದರೆ ಎದೆ ಎಷ್ಟು ಬಡಿಯುತ್ತದೆ, ಮರುದಿನ ಕಾಲು ಊದುತ್ತದೆಯೇ ಎಂದು ಬರೆದಿಟ್ಟುಕೊಳ್ಳಿ. ಆ ಚೀಟಿಯನ್ನು ಸ್ಕ್ಯಾನ್ ವರದಿಯ ಜೊತೆಗೆ ನಿಮ್ಮ ವೈದ್ಯರ ಮೇಜಿನ ಮೇಲಿಡಿ. ಗೋಕರ್ಣದ ಕೋಣೆಯನ್ನು ಅಂದು ಸಂಜೆ ಕಾಯ್ದಿರಿಸಿದರೆ ಸಾಕು.